ಯಂಗ್ ಪೆರೆಜ್‌ನ 133 ಪಂದ್ಯಗಳು

ಹಳೆಯ ಬಾಕ್ಸರ್‌ಗಳ ಪಂದ್ಯಪಟ್ಟಿಗಳನ್ನು ಓದುವುದು ನನಗಿರುವ ಒಂದು ವಿಚಿತ್ರ ಹವ್ಯಾಸ. ದಿನಾಂಕ, ಊರು, ಎದುರಾಳಿಯ ಹೆಸರು, ಎಷ್ಟನೆಯ ಸುತ್ತು, ಗೆಲುವೋ ಸೋಲೋ ಎಂಬಷ್ಟೇ ಇರುವ ಆ ಸಾಲುಗಳನ್ನು ಪಂಚಾಂಗ ನೋಡುವವರ ಹಾಗೆ ಮೇಲಿನಿಂದ ಕೆಳಕ್ಕೆ ನೋಡುತ್ತ ಹೋದರೆ, ಒಬ್ಬನ ಕಾಲು ಯಾವಾಗ ನಿಧಾನವಾಯಿತು, ಯಾವ ವರ್ಷ ಅವನು ಒಪ್ಪಬಾರದಿದ್ದ ಪಂದ್ಯಗಳನ್ನು ಒಪ್ಪಿಕೊಂಡ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಟ್ಯುನೀಷಿಯಾದ ಯಹೂದಿ ಬಾಕ್ಸರ್ ವಿಕ್ಟರ್ ‘ಯಂಗ್’ ಪೆರೆಜ್‌ನ ಪಟ್ಟಿ 1928ರಲ್ಲಿ ಆರಂಭವಾಗಿ 1938ರ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಲೆಕ್ಕದಂತೆ ಒಟ್ಟು 133 ಪಂದ್ಯಗಳು. 92 ಗೆಲುವು, ಅದರಲ್ಲಿ 28 ನಾಕೌಟ್, 26 ಸೋಲು, 15 ಸಮ. ಅವನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಈ ಹತ್ತು ವರ್ಷಗಳನ್ನು ಎರಡು ಪ್ಯಾರಾಗಳಲ್ಲಿ ಮುಗಿಸಿ, ನಾತ್ಸಿ ಶಿಬಿರದಲ್ಲಿ ಕಳೆದ ಅವನ ಬದುಕಿನ ಕೊನೆಯ ಹದಿನೈದು ತಿಂಗಳಿಗೆ ಅವಸರದಿಂದ ಹೋಗಿಬಿಡುತ್ತಾರೆ. ಆ ಹದಿನೈದು ತಿಂಗಳ ಭೀಕರತೆಯನ್ನು ನಾನು ಕಡಿಮೆ ಎನ್ನುವುದಿಲ್ಲ. ಆದರೆ ಅವನನ್ನು ಕೊಂದವರ ಕಾರಣದಿಂದಲೇ ಅವನನ್ನು ನೆನೆಯುವುದು, ಅವನು ಬೆವರು ಸುರಿಸಿ ಗಳಿಸಿದ್ದನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸರಿಕಾಣುವುದಿಲ್ಲ. ಆದ್ದರಿಂದ ಪಟ್ಟಿಯಿಂದಲೇ ಆರಂಭಿಸುತ್ತೇನೆ.

ಮೊದಲು ತೂಕದ ಮಾತು. ಪೆರೆಜ್ ಆಡುತ್ತಿದ್ದ ವಿಭಾಗವಾದ ಫ್ಲೈವೇಟ್ ಎಂದರೆ 112 ಪೌಂಡ್, ನಮ್ಮ ಲೆಕ್ಕದಲ್ಲಿ 50.8 ಕಿಲೋ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಕಂಚು ಗೆದ್ದದ್ದು 51 ಕಿಲೋ ವಿಭಾಗದಲ್ಲಿ ಎಂದರೆ ಓದುಗರಿಗೆ ಗಾತ್ರದ ಅಂದಾಜು ಸಿಕ್ಕೀತು. ಬಾಕ್ಸಿಂಗ್‌ನ ತೂಕ ವಿಭಾಗಗಳಿಗೆ ಹೆಸರಿಟ್ಟ ಇಂಗ್ಲಿಷರಿಗೆ ಹಾಸ್ಯಪ್ರಜ್ಞೆ ಇತ್ತೆಂದು ಕಾಣುತ್ತದೆ. ಆ ಕಾಲಕ್ಕೆ ಎಲ್ಲರಿಗಿಂತ ಹಗುರದವನು ನೊಣ (ಫ್ಲೈ), ಅವನ ಮೇಲಿನವನು ಗಿಡ್ಡ ಜಾತಿಯ ಹುಂಜ (ಬ್ಯಾಂಟಮ್), ಅದರ ಮೇಲಿನವನು ಹಕ್ಕಿಯ ಗರಿ (ಫೆದರ್). ಗರಿ ಹುಂಜಕ್ಕಿಂತ ಭಾರವಾದದ್ದು ಹೇಗೆಂದು ಕೇಳಬಾರದು. ವೇಲ್ಸ್‌ನ ಕಲ್ಲಿದ್ದಲ ಗಣಿಯಲ್ಲಿ ದುಡಿದಿದ್ದ ಜಿಮ್ಮಿ ವೈಲ್ಡ್ 1916ರಲ್ಲಿ ಈ ವಿಭಾಗದ ವಿಶ್ವ ಚಾಂಪಿಯನ್ ಎನಿಸಿಕೊಂಡ ಮೇಲೆ ನೊಣಗಳಿಗೂ ಮರ್ಯಾದೆ ಬಂತು. 1923ರಲ್ಲಿ ಅವನನ್ನು ಕೆಡವಿದ ಫಿಲಿಪೀನ್ಸ್‌ನ ಪಾಂಚೋ ವಿಲಾ ಎರಡೇ ವರ್ಷಗಳಲ್ಲಿ ಹಲ್ಲಿನ ಸೋಂಕು ಗಂಟಲಿಗಿಳಿದು ತೀರಿಕೊಂಡ. ನಂತರ ಪಟ್ಟ ಗೆದ್ದ ಫಿಡೆಲ್ ಲಾಬಾರ್ಬಾ 1927ರಲ್ಲಿ ಅದನ್ನು ಬಿಟ್ಟುಕೊಟ್ಟು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಓದಲು ಹೋದ. ಬಾಕ್ಸಿಂಗ್‌ನ ಇತಿಹಾಸದಲ್ಲಿ ಇಂಥ ವಿವೇಕ ಅಪರೂಪ. ಅಲ್ಲಿಂದ ಪಟ್ಟ ಒಡೆದುಹೋಗಿ, ನ್ಯೂಯಾರ್ಕ್ ರಾಜ್ಯದ ಆಯೋಗ ಒಬ್ಬನನ್ನು, ನ್ಯಾಷನಲ್ ಬಾಕ್ಸಿಂಗ್ ಅಸೋಸಿಯೇಷನ್ ಇನ್ನೊಬ್ಬನನ್ನು ಚಾಂಪಿಯನ್ ಎಂದು ಸಾರಿದವು.

ಈ ಒಡೆದ ಪಟ್ಟದ ಸುತ್ತ ಯಹೂದಿ ಹುಡುಗರು ಎಷ್ಟು ಮಂದಿ ಇದ್ದರೆಂಬುದನ್ನು ಗಮನಿಸಬೇಕು. 1927ರ ಡಿಸೆಂಬರ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನ್ಯೂಯಾರ್ಕ್ ಆಯೋಗದ ಖಾಲಿ ಪಟ್ಟಕ್ಕಾಗಿ ಕಾದಾಡಿದ ಇಝಿ ಶ್ವಾರ್ಟ್ಜ್, ನ್ಯೂಸ್‌ಬಾಯ್ ಬ್ರೌನ್ ಇಬ್ಬರೂ ಯಹೂದಿಗಳೇ. ಅದಕ್ಕೆ ಎರಡು ತಿಂಗಳ ಹಿಂದೆ ಇನ್ನೊಂದು ಸಂಸ್ಥೆಯ ಪಟ್ಟವನ್ನು ಸ್ವಲ್ಪ ದಿನದ ಮಟ್ಟಿಗೆ ಹಿಡಿದಿದ್ದ ಪಿಂಕಿ ಸಿಲ್ವರ್‌ಬರ್ಗ್ ಕೂಡ ಯಹೂದಿ. ಇದರಲ್ಲಿ ಆಶ್ಚರ್ಯವೇನಿಲ್ಲ. ಬಾಕ್ಸಿಂಗ್ ಯಾವ ಕಾಲದಲ್ಲೂ ಊರಿನ ಕಟ್ಟಕಡೆಯ ಬೀದಿಯವರ ಕಸುಬು. ವಲಸೆ ಬಂದು ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಕುಟುಂಬಗಳ ಮಕ್ಕಳು ಎತ್ತರಕ್ಕೆ ಬೆಳೆಯುವುದಿಲ್ಲ, ಹೊಟ್ಟೆ ತುಂಬ ತಿಂದು ತೂಕ ಹೆಚ್ಚಿಸಿಕೊಳ್ಳುವುದೂ ಇಲ್ಲ. ಆದರೆ ಬೀದಿಯಲ್ಲಿ ದಿನವೂ ಯಾರಾದರೂ ಹೆಸರು ಹಿಡಿದು ಹಂಗಿಸುತ್ತಿದ್ದರೆ ಕೈ ಮಾತ್ರ ಚುರುಕಾಗುತ್ತದೆ.

ಪೆರೆಜ್ ನ್ಯೂಯಾರ್ಕಿನವನಲ್ಲ. ಅವನು ಹುಟ್ಟಿದ್ದು 1911ರ ಅಕ್ಟೋಬರ್ 18ರಂದು, ಫ್ರಾನ್ಸಿನ ಅಧೀನದಲ್ಲಿದ್ದ ಟ್ಯೂನಿಸ್ ನಗರದ ಯಹೂದಿ ಕೇರಿಯಲ್ಲಿ. ಅಲ್ಲಿಯ ಬಡ ಯಹೂದಿಗಳ ಮನೆಮಾತು ಅರಬ್ಬಿಯದೇ ಒಂದು ರೂಪ. ಪಕ್ಕದ ಅಲ್ಜೀರಿಯಾದ ಯಹೂದಿಗಳಿಗೆ 1870ರಲ್ಲೇ ಫ್ರೆಂಚ್ ಪೌರತ್ವ ಸಿಕ್ಕಿತ್ತು. ಟ್ಯುನೀಷಿಯಾದವರು ಮಾತ್ರ ಹೆಸರಿಗೆ ಅಲ್ಲಿಯ ಬೇ ದೊರೆಯ ಪ್ರಜೆಗಳಾಗಿಯೇ ಉಳಿದಿದ್ದರು, ಪೌರತ್ವದ ದಾರಿ ಸ್ವಲ್ಪ ಸಲೀಸಾದದ್ದು 1923ರ ಕಾನೂನಿನ ನಂತರ. ಇಂಥ ಕೇರಿಯ ಹುಡುಗನ ಆರಾಧ್ಯದೈವ ಯಾರಾಗಿದ್ದ ಎಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಸೆನೆಗಲ್‌ನಿಂದ ಬಂದ ಕರಿಯ ಬಾಕ್ಸರ್ ಬ್ಯಾಟ್ಲಿಂಗ್ ಸಿಕಿ 1922ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ, ಫ್ರಾನ್ಸಿನ ಕಣ್ಮಣಿಯಾಗಿದ್ದ ಜಾರ್ಜ್ ಕಾರ್ಪೆಂಟಿಯೆಯನ್ನು ಆರನೆಯ ಸುತ್ತಿನಲ್ಲಿ ಕೆಡವಿದ್ದ. ಆಗ ಪೆರೆಜ್‌ಗೆ ಹನ್ನೊಂದು ತುಂಬಲು ಒಂದು ತಿಂಗಳಿತ್ತು. ಆಳುವವರ ರಾಜಧಾನಿಗೇ ಹೋಗಿ, ಅವರ ಜನರ ಎದುರಿನಲ್ಲೇ, ಅವರ ವೀರನನ್ನೇ ಹೊಡೆದು ಉರುಳಿಸಬಹುದು ಎಂಬ ಸುದ್ದಿ ಟ್ಯೂನಿಸ್‌ನ ಬೀದಿಗಳಲ್ಲಿ ಹೇಗೆ ಹಬ್ಬಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಹದಿನಾಲ್ಕರ ಸುಮಾರಿಗೆ ವಿಕ್ಟರ್ ಗವಸು ತೊಟ್ಟ. ಅವನ ಅಣ್ಣ ಬೆಂಜಮಿನ್ ಕೂಡ ಬಾಕ್ಸರ್. ಅಣ್ಣ ‘ಕಿಡ್’ ಪೆರೆಜ್ ಎಂದು ಹೆಸರಿಟ್ಟುಕೊಂಡಿದ್ದರಿಂದ ತಮ್ಮ ‘ಯಂಗ್’ ಪೆರೆಜ್ ಆದ. ಆ ಕಾಲದ ಅರ್ಧದಷ್ಟು ಬಾಕ್ಸರ್‌ಗಳು ಕಿಡ್‌ಗಳೋ ಯಂಗ್‌ಗಳೋ ಬ್ಯಾಟ್ಲಿಂಗ್‌ಗಳೋ ಆಗಿರುತ್ತಿದ್ದರು. ಐದಡಿ ಒಂದಂಗುಲದ ಆಸುಪಾಸಿನ ಎತ್ತರ, ಗುಂಗುರು ಕೂದಲು, ಒಂದು ಕಡೆ ನಿಲ್ಲದ ಕಾಲುಗಳು. ಹದಿಹರೆಯದಲ್ಲೇ ಪ್ಯಾರಿಸ್ ಸೇರಿದ ಅವನು 1928ರಿಂದ ಹಣಕ್ಕಾಗಿ ಆಡತೊಡಗಿದ, ಮತ್ತು 1931ರ ನಡುವಿನಲ್ಲಿ ಫ್ರಾನ್ಸಿನ ಫ್ಲೈವೇಟ್ ಪಟ್ಟ ಗೆದ್ದ. ಹತ್ತು ವರ್ಷಕ್ಕೆ 133 ಎಂದರೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಪಂದ್ಯ. ಇವತ್ತಿನ ಚಾಂಪಿಯನ್‌ಗಳು ವರ್ಷಕ್ಕೆ ಎರಡು ಪಂದ್ಯ ಆಡಿದರೆ ಹೆಚ್ಚು. ಅಂದಿನವರಿಗೆ ಆ ವೈಭೋಗ ಇರಲಿಲ್ಲ, ಆಡಿದ ವಾರ ಊಟ, ಆಡದ ವಾರ ಸಾಲ.

1931ರ ಅಕ್ಟೋಬರ್‌ನ ಕೊನೆಯ ವಾರದಲ್ಲಿ ಅವನ ಎದುರು ನಿಂತವನು ಫ್ರ್ಯಾಂಕಿ ಜೆನಾರೊ. ಇವನು 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು, ಪಾಂಚೋ ವಿಲಾನನ್ನೂ ಪಾಯಿಂಟ್ಸ್ ಮೇಲೆ ಸೋಲಿಸಿದ್ದವನು, ಮೂವತ್ತರ ಅನುಭವಿ. ಅವನ ಬಳಿ ಇದ್ದ ಪಟ್ಟ ಇಡೀ ಜಗತ್ತಿನದಲ್ಲ, ನ್ಯೂಯಾರ್ಕ್ ಬೇರೆಯವನನ್ನು ಒಪ್ಪಿತ್ತು ಎಂಬುದು ನಿಜ. ಆದರೂ ಜೆನಾರೊನಂಥವನ ಎದುರು ಇಪ್ಪತ್ತು ತುಂಬಿ ಹತ್ತು ದಿನವೂ ಕಳೆಯದ ಟ್ಯೂನಿಸ್ ಹುಡುಗನ ಮೇಲೆ ಪಣ ಕಟ್ಟುವವರು ಸ್ವಲ್ಪ ಧೈರ್ಯವಂತರೇ ಆಗಿರಬೇಕು. ಪಂದ್ಯ ಎರಡನೆಯ ಸುತ್ತಿನಲ್ಲಿ ಮುಗಿಯಿತು. ಜೆನಾರೊ ಕೆಳಗೆ ಬಿದ್ದ, ರೆಫರಿ ಹತ್ತು ಎಣಿಸಿದ, ಪೆರೆಜ್ ವಿಶ್ವ ಚಾಂಪಿಯನ್ ಆದ. ಜೆನಾರೊನನ್ನು ನಾಕೌಟ್ ಮಾಡಿದವರು ಪ್ಯಾರಿಸ್‌ನಲ್ಲಿ ಅದಕ್ಕೂ ಮೊದಲೇ ಇದ್ದರು. 1929ರ ಮಾರ್ಚ್‌ನಲ್ಲಿ ಎಮಿಲ್ ಪ್ಲಾಡ್ನೆ ಅವನನ್ನು ಒಂದನೆಯ ಸುತ್ತಿನಲ್ಲೇ ಉರುಳಿಸಿ, ಮುಂದಿನ ತಿಂಗಳು ನಿಯಮ ಮೀರಿ ಹೊಡೆದು ಅನರ್ಹನಾಗಿ ಪಟ್ಟವನ್ನು ಮರಳಿಸಿದ್ದ. ಹಾಗಾಗಿ ಜೆನಾರೊನ ದವಡೆ ಕಬ್ಬಿಣದ್ದಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ 28 ನಾಕೌಟ್ ಮಾತ್ರ ಇರುವ, ಮೂಲತಃ ವೇಗವನ್ನೇ ನಂಬಿದ್ದ ಹುಡುಗ ತನ್ನ ಬದುಕಿನ ಅತಿ ದೊಡ್ಡ ಪಂದ್ಯದಲ್ಲಿ ಹದಿನೈದು ಸುತ್ತುಗಳವರೆಗೆ ಕಾಯದೆ, ಕಂಡ ಒಂದು ಸಂದಿಯಲ್ಲೇ ನುಗ್ಗಿದ್ದು ಸಣ್ಣ ಮಾತಲ್ಲ.

ಪಂದ್ಯ ನಡೆದ ಕಟ್ಟಡದ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಪ್ಯಾರಿಸ್‌ನ 15ನೆಯ ವಿಭಾಗದಲ್ಲಿ, ಐಫೆಲ್ ಗೋಪುರಕ್ಕೆ ಹತ್ತಿರದಲ್ಲಿದ್ದ ಆ ಒಳಾಂಗಣಕ್ಕೆ ಆಗ ‘ಪಾಲೆ ದೆ ಸ್ಪೋರ್’, ಅಂದರೆ ಕ್ರೀಡಾ ಅರಮನೆ ಎಂಬ ಹೊಸ ಹೆಸರಿತ್ತು. ಜೆಫ್ ಡಿಕ್ಸನ್ ಎಂಬ ಅಮೆರಿಕನ್ ಪಂದ್ಯ ಸಂಘಟಕ ಅದನ್ನು ವಹಿಸಿಕೊಂಡು ನವೀಕರಿಸಿದ್ದ. ಜನ ಮಾತ್ರ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು: ವೆಲೊದ್ರೋಮ್ ದಿವೇರ್, ಚಳಿಗಾಲದ ಸೈಕಲ್ ಓಟದ ಮೈದಾನ. ಬಾಯಿಮಾತಿನಲ್ಲಿ ವೆಲ್ ದಿವ್. 1942ರ ಜುಲೈ 16 ಮತ್ತು 17ರಂದು ಫ್ರೆಂಚ್ ಪೊಲೀಸರು ಜರ್ಮನ್ನರ ವಶದಲ್ಲಿದ್ದ ಪ್ಯಾರಿಸ್ ಮತ್ತು ಸುತ್ತಮುತ್ತ 13,000ದಷ್ಟು ಯಹೂದಿಗಳನ್ನು ಹಿಡಿದಾಗ, ಮಕ್ಕಳಿದ್ದ ಕುಟುಂಬಗಳನ್ನು ತಂದು ಕೂಡಿಹಾಕಿದ್ದು ಇದೇ ಛಾವಣಿಯ ಕೆಳಗೆ. ಪೆರೆಜ್‌ಗಾಗಿ ಜನ ಕೂಗಿದ ಮೆಟ್ಟಿಲುಸಾಲುಗಳಲ್ಲೇ ನೀರಿಲ್ಲದೆ, ಶೌಚಕ್ಕೆ ಜಾಗವಿಲ್ಲದೆ ಆ ಮಕ್ಕಳು ಐದು ದಿನ ಕಳೆದರು. 1959ರಲ್ಲಿ ಕಟ್ಟಡವನ್ನು ಕೆಡವಿದರು.

ಗೆದ್ದವನು ಟ್ಯೂನಿಸ್‌ಗೆ ಮರಳಿದಾಗ ಊರಿಗೆ ಊರೇ ಬೀದಿಗೆ ಬಂತು. ಯಹೂದಿ ಕೇರಿಯವರು ಮಾತ್ರವಲ್ಲ, ಮುಸ್ಲಿಮರು, ಇಟಾಲಿಯನ್ನರು, ಫ್ರೆಂಚರು ಎಲ್ಲರೂ ತಮ್ಮೂರ ಹುಡುಗನನ್ನು ನೋಡಲು ನೆರೆದರು. ಅಷ್ಟು ಎಳೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದವರು ಆವರೆಗೆ ಬಹಳ ವಿರಳ.

ಮುಂದಿನ ವರ್ಷದ ಕಥೆಯನ್ನು ಸಾಮಾನ್ಯವಾಗಿ ಒಂದೇ ರೀತಿ ಹೇಳುತ್ತಾರೆ: ಹಣ ಬಂತು, ಪ್ಯಾರಿಸ್‌ನ ರಾತ್ರಿಗಳು ಬಂದವು, ನಟಿ ಮಿರೇಯ್ ಬಲ್ಯಾಂ ಬಂದಳು, ಹುಡುಗ ಹಾಳಾದ. ಬಲ್ಯಾಂ ಆಗಿನ್ನೂ ಚಿತ್ರರಂಗಕ್ಕೆ ಕಾಲಿಡುತ್ತಿದ್ದ ರೂಪದರ್ಶಿ, ಮುಂದೆ ಫ್ರಾನ್ಸಿನ ಹೆಸರಾಂತ ತಾರೆಯಾದವಳು. ಇಬ್ಬರ ಪ್ರೀತಿ ಗುಟ್ಟಿನದೇನಲ್ಲ. ಪೈಲ್ವಾನನ ಸೋಲನ್ನು ಹೆಣ್ಣಿನ ತಲೆಗೆ ಕಟ್ಟುವುದು ಎಲ್ಲ ದೇಶಗಳಲ್ಲೂ ಸುಲಭದ ದಾರಿ. ನನಗೆ ತಕ್ಕಡಿಯೇ ದೊಡ್ಡ ಆರೋಪಿಯಾಗಿ ಕಾಣುತ್ತದೆ. ಹದಿನೆಂಟರಲ್ಲಿ 50 ಕಿಲೋ ಇದ್ದವನು ಇಪ್ಪತ್ತೊಂದರಲ್ಲಿ, ಅದೂ ಬದುಕಿನಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಣ್ಣುತ್ತಿರುವಾಗ, 50 ಕಿಲೋದಲ್ಲೇ ಉಳಿಯುವುದು ಪ್ರಕೃತಿಗೆ ವಿರುದ್ಧ. ತೂಕ ಇಳಿಸುವುದೆಂದರೆ ಉಣ್ಣೆಯ ಬಟ್ಟೆ ಹೊದ್ದು ಓಡುವುದು, ಪಂದ್ಯಕ್ಕೆ ಎರಡು ದಿನ ಮೊದಲಿನಿಂದ ನೀರನ್ನು ಗುಟುಕು ಲೆಕ್ಕದಲ್ಲಿ ಕುಡಿಯುವುದು, ಉಗುಳಿ ಉಗುಳಿ ಕೊನೆಯ ನೂರು ಗ್ರಾಂ ಕಳೆಯುವುದು. ತಕ್ಕಡಿಯನ್ನು ಗೆದ್ದವನು ರಿಂಗ್‌ಗೆ ಬರುವ ಹೊತ್ತಿಗೆ ಅರ್ಧ ಸೋತಿರುತ್ತಾನೆ. ಭಾರದ ವಿಭಾಗದವನಿಗೆ ಎರಡು ಕಿಲೋ ಏನೂ ಅಲ್ಲ. ನೊಣಕ್ಕೆ ಎರಡು ಕಿಲೋ ಎಂದರೆ ಮೈಯ ಇಪ್ಪತ್ತೈದರಲ್ಲಿ ಒಂದು ಪಾಲು.

ಆ ವರ್ಷವೆಲ್ಲ ಅವನು ಪಟ್ಟವನ್ನು ಪಣಕ್ಕಿಡದ ಪಂದ್ಯಗಳನ್ನೇ ಆಡಿದ. ಪಣಕ್ಕಿಟ್ಟದ್ದು 1932ರ ಅಕ್ಟೋಬರ್ 31ರಂದು, ಮ್ಯಾಂಚೆಸ್ಟರ್‌ನ ಬೆಲ್ ವ್ಯೂನಲ್ಲಿ, ಅದೇ ಊರಿನ ಕಾಲಿಹರ್ಸ್ಟ್ ಬಡಾವಣೆಯ ಜಾಕಿ ಬ್ರೌನ್ ಎದುರು. ಬ್ರೌನ್ ಕೂಡ ವೇಗದವನೇ, ಜತೆಗೆ ಊರಿನ ಜನ ಅವನ ಬೆನ್ನಿಗಿತ್ತು. ಹನ್ನೆರಡು ಸುತ್ತು ನಿಂತ ಪೆರೆಜ್‌ಗೆ ಹದಿಮೂರನೆಯದನ್ನು ದಾಟಲಾಗಲಿಲ್ಲ. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಲಾಯಿತು. ಗೆದ್ದು ಒಂದು ವರ್ಷ ಕೆಲವು ದಿನಗಳಾಗಿದ್ದವು, ಒಮ್ಮೆಯೂ ಉಳಿಸಿಕೊಳ್ಳದೆ ಪಟ್ಟ ಕೈಬಿಟ್ಟಿತ್ತು. ಕಟುವಾಗಿ ಹೇಳುವುದಾದರೆ, ಚಾಂಪಿಯನ್ನನಾಗಿ ಅವನು ದೊಡ್ಡವನಲ್ಲ. ಅದೇ ಕಾಲದಲ್ಲಿ ನ್ಯೂಯಾರ್ಕ್ ಆಯೋಗ ಒಪ್ಪಿದ್ದ ಚಾಂಪಿಯನ್ ಮಿಡ್ಜೆಟ್ ವುಲ್ಗಾಸ್ಟ್ ಅಥವಾ ನಂತರ ಬಂದ ಗ್ಲಾಸ್ಗೊದ ಬೆನ್ನಿ ಲಿಂಚ್ ಜತೆ ಅವನನ್ನು ತೂಗಿದರೆ ಅವನ ತಟ್ಟೆ ಮೇಲೇಳುತ್ತದೆ. ಇದನ್ನು ಹೇಳುವುದರಿಂದ ಅವನಿಗೆ ಅಗೌರವವಾಗುತ್ತದೆಂದು ನಾನು ತಿಳಿದಿಲ್ಲ. ಬಾಕ್ಸರ್‌ನನ್ನು ಬಾಕ್ಸರ್ ಎಂದು ಅಳೆಯುವುದೇ ಅವನಿಗೆ ಸಲ್ಲಿಸುವ ಗೌರವ.

ತಕ್ಕಡಿಯ ಕಾಟ ತಾಳಲಾರದೆ ಅವನು ಬ್ಯಾಂಟಮ್‌ವೇಟ್‌ಗೆ ಏರಿದ. ಅಲ್ಲಿ ಕಾದಿದ್ದವನು ಆ ವಿಭಾಗದ ವಿಶ್ವ ಚಾಂಪಿಯನ್ ಪನಾಮಾ ಅಲ್ ಬ್ರೌನ್. ಹುಂಜದ ವಿಭಾಗದಲ್ಲಿ ಕೊಕ್ಕರೆಯೊಂದು ಸೇರಿಕೊಂಡಂತಿದ್ದ ಈ ಮನುಷ್ಯ ಪೆರೆಜ್‌ಗಿಂತ ಸುಮಾರು ಒಂದು ಗೇಣು ಎತ್ತರ; ಅವನ ಕೈಗಳ ಉದ್ದವನ್ನು ದಾಟಿ ಒಳಗೆ ಹೋಗುವುದೇ ಎದುರಾಳಿಗಳಿಗೆ ಒಂದು ಯಾತ್ರೆ. 1934ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ ಪೆರೆಜ್ ಅವನೆದುರು ಹದಿನೈದು ಸುತ್ತು ಪೂರ್ತಿ ನಿಂತು ಪಾಯಿಂಟ್ಸ್ ಮೇಲೆ ಸೋತ. ನನಗೆ ಜೆನಾರೊನ ಎದುರಿನ ಗೆಲುವಿಗಿಂತ ಈ ಸೋಲೇ ಹೆಚ್ಚು ಮೆಚ್ಚುಗೆ. ಅದೇ ವರ್ಷ ನವೆಂಬರ್ 1ರಂದು ಮರುಪಂದ್ಯ, ಈ ಸಲ ಟ್ಯೂನಿಸ್‌ನಲ್ಲೇ, ಮೂರು ವರ್ಷದ ಹಿಂದೆ ಅವನನ್ನು ಎದುರುಗೊಂಡಿದ್ದ ಜನರ ಕಣ್ಣೆದುರೇ. ಹತ್ತನೆಯ ಸುತ್ತಿನಲ್ಲಿ ಅವನು ನಾಕೌಟ್ ಆದ.

ಅದಾದ ಮೇಲೆ ಪಟ್ಟಿ ನಾಲ್ಕು ವರ್ಷ ಮುಂದುವರಿಯುತ್ತದೆ. ಒಮ್ಮೆ ಗೆಲುವು, ಒಮ್ಮೆ ಸಮ, ಮತ್ತೆ ಸೋಲು. ಎಲ್ಲ ಬಾಕ್ಸರ್‌ಗಳ ಪಟ್ಟಿಯ ಬಾಲವೂ ಹೀಗೇ ಇರುತ್ತದೆ, ವಿವರಿಸುವುದಕ್ಕೇನೂ ಇಲ್ಲ. 1938ರ ಡಿಸೆಂಬರ್‌ನಲ್ಲಿ ಕೊನೆಯ ಸಾಲು. ಆಗ ಅವನಿಗೆ ಇಪ್ಪತ್ತೇಳು.

ಯುದ್ಧ ಬಂದಾಗ, ಪ್ಯಾರಿಸ್ ಬಿದ್ದಾಗ ಅವನು ಊರಿಗೆ ಮರಳಲಿಲ್ಲ. ಈಗ ಹಿಂತಿರುಗಿ ನೋಡುವವರಿಗೆ ಅದು ಮೂರ್ಖತನವೆನಿಸಬಹುದು, ಆದರೆ ಟ್ಯೂನಿಸ್ ಕೂಡ ಸುರಕ್ಷಿತವಾಗಿರಲಿಲ್ಲ; 1942ರ ನವೆಂಬರ್‌ನಿಂದ ಆರು ತಿಂಗಳು ಅಲ್ಲೂ ಜರ್ಮನ್ನರೇ ಇದ್ದರು, ಯಹೂದಿ ಗಂಡಸರನ್ನು ಬಿಟ್ಟಿ ದುಡಿಮೆಗೆ ಹಚ್ಚಿದ್ದರು. ವ್ಯತ್ಯಾಸವೆಂದರೆ 1943ರ ಮೇ 7ರಂದು ಟ್ಯೂನಿಸ್ ಬಿಡುಗಡೆಯಾಯಿತು. ಪ್ಯಾರಿಸ್‌ನಲ್ಲಿ ಪೆರೆಜ್‌ನನ್ನು ಹಿಡಿದದ್ದು ಅದೇ ವರ್ಷ ಸೆಪ್ಟೆಂಬರ್ 21ರಂದು. ಅವನು ಬಿಟ್ಟುಬಂದ ಊರು ಸ್ವತಂತ್ರವಾಗಿ ಆಗಲೇ ನಾಲ್ಕು ತಿಂಗಳು ಕಳೆದಿದ್ದವು. ಪ್ಯಾರಿಸ್‌ನ ಹೊರವಲಯದ ದ್ರಾಂಸಿಯಲ್ಲಿ, ಅರ್ಧ ಕಟ್ಟಿ ನಿಲ್ಲಿಸಿದ್ದ ವಸತಿ ಸಮುಚ್ಚಯವೊಂದನ್ನೇ ಸೆರೆಶಿಬಿರ ಮಾಡಿದ್ದರು. ಅಲ್ಲಿಂದ ಅಕ್ಟೋಬರ್ 7ರಂದು ಹೊರಟ 60ನೆಯ ಸಾಗಣೆಯಲ್ಲಿ ಸುಮಾರು 1,000 ಜನರ ಜತೆ ಅವನನ್ನೂ ನಾತ್ಸಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ ಕಳಿಸಿದರು. ದುಡಿಯಬಲ್ಲವರೆಂದು ಆರಿಸಿದ ಗಂಡಸರ ಸಾಲಿಗೆ ಸೇರಿದ ಅವನು ಆಶ್ವಿಟ್ಜ್‌ನದೇ ಭಾಗವಾದ ಮೊನೊವಿಟ್ಜ್‌ಗೆ ಹೋದ. ಐ.ಜಿ. ಫಾರ್ಬೆನ್ ಕಂಪನಿಯ ಕೃತಕ ರಬ್ಬರ್ ಕಾರ್ಖಾನೆಗಾಗಿ ಕೈದಿಗಳನ್ನು ದುಡಿಸುತ್ತಿದ್ದ ಶಿಬಿರ ಅದು.

ಮೊನೊವಿಟ್ಜ್‌ನ ಕಮಾಂಡೆಂಟ್ ಹೈನ್‌ರಿಖ್ ಶ್ವಾರ್ಟ್ಜ್‌ಗೆ ಬಾಕ್ಸಿಂಗ್ ಹುಚ್ಚು. ಕೈದಿಗಳಲ್ಲಿದ್ದ ಬಾಕ್ಸರ್‌ಗಳನ್ನು ಆರಿಸಿ ಭಾನುವಾರಗಳಂದು ಪಂದ್ಯ ಆಡಿಸುತ್ತಿದ್ದ. ಅಲ್ಲಿದ್ದು ಬದುಕುಳಿದ ನೋವಾ ಕ್ಲೀಗರ್, ಮುಂದೆ ಇಸ್ರೇಲ್‌ನಲ್ಲಿ ಪತ್ರಕರ್ತರಾದವರು, ತಾವು ಬದುಕಿನಲ್ಲಿ ಗವಸು ತೊಟ್ಟಿರದಿದ್ದರೂ ಬಾಕ್ಸರ್ ಯಾರೆಂದು ಕೇಳಿದಾಗ ಕೈ ಎತ್ತಿದ್ದನ್ನು ಹೇಳಿಕೊಂಡಿದ್ದಾರೆ. ಸಾಲೊನಿಕದ ಯಹೂದಿ ಬಾಕ್ಸರ್ ಜಾಕೊ ರಾಝೋನ್, ಪೆರೆಜ್ ಮೊದಲಾದವರು ಆ ಗುಟ್ಟನ್ನು ಕಾಪಾಡಿದರು. ಬಾಕ್ಸರ್‌ಗಳಿಗೆ ಸಿಗುತ್ತಿದ್ದದ್ದು ದಿನಕ್ಕೆ ಒಂದಿಷ್ಟು ಹೆಚ್ಚಿನ ಸೂಪು, ಉಳಿದವರಿಗೆ ಕೊಡುತ್ತಿದ್ದ ಬಣ್ಣದ ನೀರಲ್ಲ, ನಿಜವಾದ ಸೂಪು. ಬದುಕು ಸಾವುಗಳ ನಡುವೆ ಇದ್ದದ್ದು ಅಷ್ಟೇ. ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದ್ದ ಪೆರೆಜ್ ಅಲ್ಲಿಂದ ಸೂಪನ್ನು ಕದ್ದು ಹೊರಗೆ ಸಾಗಿಸಿ ಇತರರಿಗೆ ಹಂಚುತ್ತಿದ್ದ. ಹೊಟ್ಟೆಗೆ ಸಿಗಬಾರದೆಂದು ವರ್ಷಗಟ್ಟಲೆ ತಕ್ಕಡಿಯ ಜತೆ ಹೋರಾಡಿದವನು ಅವನು ಎಂಬುದು ಇದನ್ನು ಓದುವಾಗಲೆಲ್ಲ ನನಗೆ ನೆನಪಾಗುತ್ತದೆ.

ಅವನು ಶಿಬಿರದಲ್ಲಿ 140 ಪಂದ್ಯ ಆಡಿ 139 ಗೆದ್ದ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ನಾನು ಇದನ್ನು ನಂಬುವುದಿಲ್ಲ. 1943ರ ಅಕ್ಟೋಬರ್‌ನಿಂದ 1945ರ ಜನವರಿಯವರೆಗೆ 70 ಭಾನುವಾರಗಳೂ ಇಲ್ಲ, ಅವೂ ಎಲ್ಲ ಬಿಡುವಿನ ದಿನಗಳಲ್ಲ. ಈ ಸಂಖ್ಯೆ ಹೇಗೆ ಹುಟ್ಟಿತೋ, ಅದರ ಹಿಂದಿನ ಆಸೆ ಅರ್ಥವಾಗುತ್ತದೆ: ಅವನನ್ನು ಅಲ್ಲಿ ಸೋಲದವನನ್ನಾಗಿ ನೋಡಬೇಕು. ಆದರೆ ಹೊಡೆತ ತಿನ್ನಲೊಪ್ಪದಿದ್ದರೆ ಅನಿಲಕೋಣೆ ಎಂಬಲ್ಲಿ ನಡೆದದ್ದನ್ನು ಪಂದ್ಯ ಎಂದು ಎಣಿಸಿ, ಗೆಲುವು ಸೋಲುಗಳ ಅಂಕಣದಲ್ಲಿ ತುಂಬುವುದೆಂದರೆ ರಿಂಗ್‌ನ ಸುತ್ತ ಕುರ್ಚಿ ಹಾಕಿ ಕೂತಿದ್ದ ಆ ಅಧಿಕಾರಿಗಳ ಲೆಕ್ಕವನ್ನೇ ನಾವೂ ಬರೆದಂತೆ. ಅವನ ಪಟ್ಟಿ 133ಕ್ಕೆ ನಿಂತಿರುವುದೇ ಸರಿ.

1945ರ ಜನವರಿ 18ರಂದು ಕೆಂಪು ಸೇನೆ ಹತ್ತಿರ ಬಂದಿತೆಂದು ನಾತ್ಸಿಗಳು ಮೊನೊವಿಟ್ಜ್ ಖಾಲಿ ಮಾಡಿ, ನಡೆಯಬಲ್ಲ ಕೈದಿಗಳನ್ನು ಹಿಮದಲ್ಲಿ ಪಶ್ಚಿಮಕ್ಕೆ ನಡೆಸಿದರು. ಅವರು ತಲುಪಬೇಕಿದ್ದ ಗ್ಲೈವಿಟ್ಜ್ ಊರಿಗೆ 50 ಕಿಲೋಮೀಟರ್‌ಗೂ ಹೆಚ್ಚು ದೂರ. ಕುಸಿದವರನ್ನು ಬಿದ್ದಲ್ಲೇ ಗುಂಡಿಟ್ಟು ಕೊಂದರು. ಪೆರೆಜ್ ಅಷ್ಟು ದೂರವನ್ನೂ ನಡೆದ. ಜನವರಿ 22ರಂದು, ಎಲ್ಲಿಂದಲೋ ಸಿಕ್ಕ ಬ್ರೆಡ್ಡನ್ನು ಜತೆಯವರಿಗೆ ತಲುಪಿಸಲು ಹೋಗುತ್ತಿದ್ದಾಗ ಕಾವಲಿನವನು ಗುಂಡು ಹಾರಿಸಿದ ಎಂದು ಬದುಕುಳಿದವರು ಹೇಳಿದ್ದಾರೆ. ಅವನಿಗೆ 33 ವರ್ಷ. ಸೋವಿಯತ್ ಸೈನಿಕರು ಆಶ್ವಿಟ್ಜ್ ತಲುಪಿದ್ದು ಐದು ದಿನಗಳ ನಂತರ.